ಬಂಗಾರಕ್ಕೊಂದು ನ್ಯಾಯ, ವಾಚಿಗೊಂದು ನ್ಯಾಯ?

ಪತ್ತಾರನ ಕಡೆ ಗುಂಜಿ ಬಂಗಾರ ಕೊಟ್ರೂ ತೂಗಿಸೇ ಕೊಡ್ತೀವಿ, ತೂಗಿಸೇ ತಗೋತೀವಿ. ಅಪ್ಪನ ಎಚ್‌ಎಂಟಿ ಜನತಾ ವಾಚು ನಿಂತ್ರ ಮಾತ್ರ ಪ್ಯಾಟಿಗೆ ಹೊಂಟ ಹುಡುಗನ ಕೈಯಾಗ ಕೊಟ್ಟು, ‘ಮಾಡಿಸ್ಕೊಂಡು ಬಾರೋ’ ಅಂತೀವಿ. ಒಳಗಿನ ಮಷೀನೇ ಬದಲಾಗಿ ಬಂದ್ರೂ ನಮಗ ಗೊತ್ತಾಗಂಗಿಲ್ಲ. ಇದೆಂಥಾ ನ್ಯಾಯ್ರಿ ಅಕ್ಕಾರ?

‘ಹಳೇದು, ಹೋದ್ರ ಹೋಗ್ಲಿ’ ಅಂತಾರ ಮನ್ಯಾಗಿನ ಗಂಡಸರು. ಬೆಂಗಳೂರಾಗ 1961ರಾಗ ಶುರುವಾದ ಆ ವಾಚ್ ಕಾರ್ಖಾನಿ ಈಗಿಲ್ಲ. ಕಂಪನಿ ಮುಚ್ಚಾಕ ಕೇಂದ್ರ ಸರ್ಕಾರ 2016ರಾಗ ಒಪ್ಪಿಗಿ ಕೊಟ್ಟಾತು. ಅಪ್ಪನ ಆ ವಾಚು ಹೋತು ಅಂದ್ರ ಮತ್ತ ಬರಂಗಿಲ್ಲ.

‘ನಡದೈತಲ್ಲ, ಸರ್ವೀಸ್ ಯಾಕ?’ ಅನ್ನೋದು ಇನ್ನೊಂದು ಮಾತು. ಚಾವಿ ಕೊಡೋ ವಾಚು ಎಣ್ಣಿ ಒಣಗಿದ್ರೂ ನಡೀತೈತಿ. ಆದ್ರ ಒಳಗ ಗಾಲಿಯ ಅಚ್ಚು ಸವೀತಿರ್ತಾವ. ಪೆಟ್ರೋಲಿನಾಗ ಅದ್ದಿ ತಗದ್ರ ಅದು ಸರ್ವೀಸ್ ಅಲ್ಲ. ಪೂರಾ ಬಿಚ್ಚಿ, ತೊಳೆದು, ಹೊಸ ಎಣ್ಣಿ ಬಿಟ್ಟು, ಟೈಮ್ ಹೊಂದಿಸಬೇಕು. ಸೆಲ್ ಹಾಕೋರೆಲ್ಲಾರಿಗೂ ಈ ಕೆಲಸ ಬರೂದಿಲ್ಲ.

ನಂಬಿಗಸ್ತ ಆದಂವ ನಿಮ್ಮೆದುರಿಗೇ ಹಿಂದಿನ ಮುಚ್ಚಳ ಬಿಚ್ತಾನ, ಫೋಟೋ ತಗೊಳ್ಳಾಕ ಬಿಡ್ತಾನ, ಏನು ಮಾಡ್ತೀನಿ ಅಂತ ಚೀಟಿ ಬರೀತಾನ, ತಗದ ಹಳೇ ಸಾಮಾನು ವಾಪಸ್ ಕೊಡ್ತಾನ. ಕೇಳದಿದ್ರೂ ‘ಡಯಲ್‌ಗೆ ಪೇಂಟ್ ಹೊಡೆದು ಹೊಸಾದು ಮಾಡ್ತೀನಿ’ ಅಂದಂವನ ಅಂಗಡಿ ಮೆಟ್ಟಲಾ ಇಳೀರಿ. ಹಳೇ ಡಯಲ್ ಒಮ್ಮೆ ಅಳಿಸಿದ್ರ ಮತ್ತ ಬರೂದಿಲ್ಲ.

ಒಂದು ಜಂಪರ ಹೊಲಿಸಾಕ ಹತ್ತು ಮನಿ ವಿಚಾರಿಸ್ತೀವಿ. ವಾಚಿಗೂ ವಿಚಾರಿಸ್ರಿ: ಯಾರ ಕಡೆ ಕೊಟ್ರಿ, ವರ್ಷ ಆದ ಮ್ಯಾಲೂ ಸರಿ ನಡದೈತೇನು? ಆಮ್ಯಾಲ ನೀವೇ ಹೋಗ್ರಿ, ಎದುರಿಗೇ ಕೂತು ಬಿಚ್ಚಿಸ್ರಿ.