ಕಾನೂನು ಶಾಲೆಯ ಹೊಸ್ತಿಲಲ್ಲಿ ನಮ್ಮ ಮಕ್ಕಳು

ಕಳೆದ ಭಾನುವಾರ ಪಾಳಿ ಮುಗಿಸಿ ಬಂದ ಗಿರಣಿ ಕಾರ್ಮಿಕರೊಬ್ಬರು ನಮ್ಮ ಕಚೇರಿಯ ಬೆಂಚಿನ ಮೇಲೆ ಕುಳಿತು, ಜೇಬಿನಿಂದ ಮಡಿಚಿದ ಚೀಟಿಯೊಂದನ್ನು ತೆಗೆದು ಮುಂದಿಟ್ಟರು. ಅವರ ಮಗಳು ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಚಿಕ್ಕಂದಿನಲ್ಲಿ ನನ್ನ ತರಗತಿಯಲ್ಲಿಯೇ ಕುಳಿತಿದ್ದವಳು. ಚೀಟಿಯಲ್ಲಿ ಅವಳ ಕೈಬರಹದಲ್ಲಿ "ಕ್ಲಾಟ್" ಎಂದು ಬರೆದಿತ್ತು. ಅದರ ಕೆಳಗೆ ನಾಲ್ಕು ಸಾವಿರ ರೂಪಾಯಿ ಎಂಬ ಲೆಕ್ಕ.

"ಲಾಯರು ಓದಬೇಕು ಅಂತಾಳೆ ಮೇಷ್ಟ್ರೇ. ಓದೋಕೆ ಮುಂಚೆ ಇದೊಂದು ಪರೀಕ್ಷೆಯಂತೆ, ಕಟ್ಟೋಕೇ ಇಷ್ಟು ದುಡ್ಡಂತೆ. ನಮ್ಮಂಥೋರ ಮಕ್ಕಳಿಗೆ ಆಗೋ ಮಾತಾ ಇದು?"

ಆಗುವ ಮಾತೇ ಎಂದೆ. ಆದರೆ ಒಬ್ಬ ತಂದೆಯ ಜೇಬಿನಿಂದ, ಒಬ್ಬ ಹುಡುಗಿಯ ಹಟದಿಂದ ಮಾತ್ರ ಆಗುವ ಮಾತಲ್ಲ. ಊರಿನ ಕಾರ್ಮಿಕ ಸಂಘಗಳೂ ವರ್ತಕರ ಸಂಘವೂ ಕೈಹಾಕಬೇಕಾದ ಕೆಲಸವಿದು. ಹೇಗೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ವಕೀಲರು ನಮ್ಮವರೇ ಏಕಾಗಬೇಕು?

ಗಿರಣಿಯಲ್ಲಿ ದುಡಿಯುವವನಿಗೆ ಕೋರ್ಟಿನ ಗೊಡವೆ ಏಕೆಂದು ಕೇಳುವವರು ಮದರಾಸಿನ ಕಥೆಯನ್ನು ಕೇಳಬೇಕು. ೧೯೧೮ರಲ್ಲಿ ಅಲ್ಲಿ ಕಾರ್ಮಿಕ ಸಂಘ ಹುಟ್ಟಿತು, ಬಿ. ಪಿ. ವಾಡಿಯಾ ಅದರ ಮುಂದಾಳು. ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಯಲ್ಲಿ ವಿವಾದವೆದ್ದಾಗ ಮಾಲಿಕರು ಬೀದಿಯಲ್ಲಿ ವಾದ ಮಾಡಲಿಲ್ಲ. ನೆಟ್ಟಗೆ ಹೈಕೋರ್ಟಿಗೆ ಹೋದರು. ಕೆಲಸಗಾರರನ್ನು ಮುಷ್ಕರಕ್ಕೆ ಕರೆದದ್ದು ನೌಕರಿಯ ಕರಾರನ್ನು ಮುರಿಯಲು ಮಾಡಿದ ಪ್ರೇರಣೆ ಎಂದು ವಾದಿಸಿ, ಸಂಘದ ಮುಖಂಡರ ಮೇಲೆ ತಡೆಯಾಜ್ಞೆ ತಂದರು. ಸಾವಿರಾರು ಜನರ ಒಗ್ಗಟ್ಟನ್ನು ಒಂದು ಹಾಳೆ ಕಟ್ಟಿಹಾಕಿತು. ಆ ಪೆಟ್ಟಿನ ಮೇಲೆಯೇ ಎನ್. ಎಂ. ಜೋಶಿಯವರು ೧೯೨೧ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಸಂಘಗಳಿಗೆ ರಕ್ಷಣೆ ಬೇಕೆಂಬ ಮಾತನ್ನು ಎತ್ತಿದರು. ೧೯೨೬ರಲ್ಲಿ ಕಾರ್ಮಿಕ ಸಂಘಗಳ ಕಾಯ್ದೆ ಬಂದಿತು.

ಆ ಕಾಯ್ದೆಯೂ, ೧೯೪೭ರ ಕೈಗಾರಿಕಾ ವಿವಾದಗಳ ಕಾಯ್ದೆಯೂ ೨೦೨೫ರ ನವೆಂಬರ್ ೨೧ರಿಂದ ಹೊಸ ಕೈಗಾರಿಕಾ ಸಂಬಂಧ ಸಂಹಿತೆಯೊಳಗೆ ಸೇರಿಹೋಗಿವೆ. ಹೊಸ ಸಂಹಿತೆಯ ಒಂದೊಂದು ಕಲಮಿಗೆ ಅರ್ಥವೇನೆಂಬುದು ಇನ್ನು ಮೇಲೆ ಕೋರ್ಟುಗಳಲ್ಲಿ ತೀರ್ಮಾನವಾಗಬೇಕು. ಅಲ್ಲಿ ನಿಂತು ಮಾತನಾಡುವವರು ಯಾರು? ಪಾಳಿಯ ಸೈರನ್ ಕೇಳಿ ಬೆಳೆದವರೋ, ಅದನ್ನು ಕೇಳಿಯೇ ಇರದವರೋ?

ವಕೀಲರನ್ನು ತಯಾರಿಸುವ ಶಾಲೆಗಳಲ್ಲಿ ಇಂದು ಮೇಲಿನ ಸಾಲಿನಲ್ಲಿರುವವು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು. ಇವುಗಳಲ್ಲಿ ಮೊದಲನೆಯದು ನಮ್ಮ ಬೆಂಗಳೂರಿನದೇ. ನಮ್ಮ ರಾಜ್ಯದ ಶಾಸನಸಭೆಯೇ ಮಾಡಿದ ಕಾಯ್ದೆಯಿಂದ ೧೯೮೭ರಲ್ಲಿ ಹುಟ್ಟಿತು, ಎನ್. ಆರ್. ಮಾಧವ ಮೆನನ್ ಸ್ಥಾಪಕ ನಿರ್ದೇಶಕರು. ಪಿ.ಯು.ಸಿ. ಆದ ಮೇಲೆ ಐದು ವರ್ಷದ ಓದು. ಮೊದಲು ಒಂದೊಂದು ಶಾಲೆಗೆ ಒಂದೊಂದು ಪರೀಕ್ಷೆಯಿದ್ದು, ಹುಡುಗರು ಊರೂರು ಅಲೆಯಬೇಕಾಗಿತ್ತು. ೨೦೦೮ರಲ್ಲಿ ಏಳು ಶಾಲೆಗಳು ಸೇರಿ ಒಂದೇ ಪರೀಕ್ಷೆ ಮಾಡಿದವು. ಅದೇ ಕ್ಲಾಟ್. ಈಗ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳು ಅದರೊಳಗಿವೆ.

ಪರೀಕ್ಷೆಯ ಸ್ವರೂಪ

೨೦೨೩ರ ಡಿಸೆಂಬರಿನ ಪರೀಕ್ಷೆಯಿಂದ ನಡೆದು ಬಂದ ಕ್ರಮ ಹೀಗೆ. ೧೨೦ ಪ್ರಶ್ನೆ, ೧೨೦ ನಿಮಿಷ. ಕಾಗದದ ಮೇಲೆಯೇ ಬರೆಯುವ ಪರೀಕ್ಷೆ. ನಾಲ್ಕು ಉತ್ತರಗಳಲ್ಲಿ ಸರಿಯಾದುದಕ್ಕೆ ಸೇರಿದ ವೃತ್ತವನ್ನು ಪೆನ್ನಿನಿಂದ ತುಂಬಬೇಕು. ಸರಿಯುತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ವಜಾ. ಇಂಗ್ಲಿಷ್ ಭಾಷೆಗೆ ಸುಮಾರು ಐದರಲ್ಲೊಂದು ಪಾಲು. ಪ್ರಚಲಿತ ವಿದ್ಯಮಾನಕ್ಕೆ ನಾಲ್ಕರಲ್ಲೊಂದು. ಕಾನೂನಿನ ತರ್ಕಕ್ಕೆ ನಾಲ್ಕರಲ್ಲೊಂದು. ಸಾಮಾನ್ಯ ತರ್ಕಕ್ಕೆ ಐದರಲ್ಲೊಂದು. ಉಳಿದ ಹತ್ತರಲ್ಲೊಂದು ಪಾಲು ಗಣಿತಕ್ಕೆ. ಗಣಿತ ಹತ್ತನೆಯ ತರಗತಿಯ ಮಟ್ಟದ್ದು: ಶೇಕಡಾವಾರು, ಅನುಪಾತ, ಸರಾಸರಿ. ಅಂಗಡಿಯಲ್ಲಿ ಅಪ್ಪನ ಪಕ್ಕ ಕುಳಿತು ಚಿಲ್ಲರೆ ಎಣಿಸಿದ ಹುಡುಗನಿಗೆ ಇದು ಹೊಸದಲ್ಲ.

೨೦೨೦ರಿಂದ ಎಲ್ಲವೂ ಓದಿ ಉತ್ತರಿಸುವ ಪ್ರಶ್ನೆಗಳೇ. ೪೫೦ ಪದಗಳವರೆಗಿನ ಒಂದು ತುಣುಕು, ಅದರ ಕೆಳಗೆ ಐದಾರು ಪ್ರಶ್ನೆ. ಮತ್ತೊಂದು ತುಣುಕು, ಮತ್ತೆ ಪ್ರಶ್ನೆ. ಒಟ್ಟು ಇಪ್ಪತ್ತಕ್ಕೂ ಮಿಕ್ಕ ತುಣುಕುಗಳೆಂದು ಲೆಕ್ಕ ಹಾಕಿದರೆ, ಎರಡು ಗಂಟೆಯಲ್ಲಿ ಒಂಬತ್ತು ಸಾವಿರ ಪದಗಳಷ್ಟು ಇಂಗ್ಲಿಷನ್ನು ಓದಿ, ತಿಳಿದು, ಉತ್ತರವನ್ನೂ ಕೊಡಬೇಕು. ಆದುದರಿಂದ ಇದು ಬಾಯಿಪಾಠದ ಪರೀಕ್ಷೆಯಲ್ಲ, ಓದಿನ ವೇಗದ ಪರೀಕ್ಷೆ.

ಹೆಸರು ಕಾನೂನಿನದಾದರೂ ಕಾನೂನು ಗೊತ್ತಿರಬೇಕಾಗಿಲ್ಲ. ಸೂತ್ರವನ್ನು ಅವರೇ ಕೊಡುತ್ತಾರೆ. ಅದನ್ನು ಸಂಗತಿಗೆ ಹೊಂದಿಸಬೇಕು. ಉದಾಹರಣೆಗೆ: ನೌಕರನು ಕೆಲಸದ ಸಂಬಂಧದಲ್ಲಿ ಮಾಡಿದ ತಪ್ಪಿಗೆ ಮಾಲಿಕನೂ ಹೊಣೆ ಎಂಬುದು ಸೂತ್ರ. ಗಿರಣಿಯ ಲಾರಿ ಚಾಲಕನು ಹತ್ತಿಯ ಅಂಡಿಗೆ ತರುವಾಗ ಸೈಕಲ್ ಸವಾರನಿಗೆ ಗುದ್ದಿದರೆ ಮಾಲಿಕನೂ ಹೊಣೆಯಾಗುತ್ತಾನೆ. ಅದೇ ಚಾಲಕ ರಜೆಯ ದಿನ ಯಾರಿಗೂ ಹೇಳದೆ ಲಾರಿ ತೆಗೆದುಕೊಂಡು ಬೀಗರ ಮನೆಗೆ ಹೋಗುವಾಗ ಗುದ್ದಿದರೆ? ಈ ಸೂತ್ರದಂತೆ ಮಾಲಿಕನು ಹೊಣೆಯಲ್ಲ. ಇಲ್ಲಿಯೇ ನಮ್ಮ ಮಕ್ಕಳು ಎಡವುತ್ತಾರೆ. ಗಾಯಗೊಂಡವನಿಗೆ ಹಣ ಸಿಕ್ಕಲಿ ಎಂದು ಮನಸ್ಸು ಹೇಳುತ್ತದೆ. ಕೈ ಆ ಉತ್ತರವನ್ನೇ ತುಂಬುತ್ತದೆ. ಮನಸ್ಸು ಒಳ್ಳೆಯದೇ, ಆದರೆ ಅಂಕ ಹೋಯಿತು. ಕೊಟ್ಟ ಸೂತ್ರ ನ್ಯಾಯವಲ್ಲವೆಂದು ತೋರಿದರೂ ಅದರಂತೆಯೇ ಉತ್ತರಿಸುವುದನ್ನು ಕಲಿಯಬೇಕು. ಸೂತ್ರ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬಲ್ಲವನೇ ಮುಂದೆ ಅದನ್ನು ತಿದ್ದಲೂ ಬಲ್ಲ.

ವರ್ತಕರ ಮಕ್ಕಳಿಗೂ ಒಂದು ಉದಾಹರಣೆ. ಕಪಾಟಿನ ಸರಕಿಗೆ ಬೆಲೆಯ ಚೀಟಿ ಅಂಟಿಸಿದ ಮಾತ್ರಕ್ಕೆ ಅಂಗಡಿಯವನು ಮಾರಾಟದ ಪ್ರಸ್ತಾಪ ಮಾಡಿದಂತಾಯಿತೇ? ಇಲ್ಲ, ಗಿರಾಕಿ ಕೇಳುವುದು ಪ್ರಸ್ತಾಪ, ಅಂಗಡಿಯವನು ಒಪ್ಪಿದಾಗ ಕರಾರು. ಇಂಗ್ಲೆಂಡಿನ ಕೋರ್ಟು ೧೯೫೩ರಲ್ಲಿ ಔಷಧದಂಗಡಿಯೊಂದರ ಮೊಕದ್ದಮೆಯಲ್ಲಿ ಇದೇ ತೀರ್ಪನ್ನು ಕೊಟ್ಟಿತು. ದಿನವೂ ನಡೆಸುವ ವ್ಯವಹಾರಕ್ಕೆ ಕಾನೂನಿನ ಹೆಸರಿದೆ ಎಂದು ತಿಳಿದರೆ ಹೆದರಿಕೆ ಅರ್ಧ ಇಳಿಯುತ್ತದೆ.

ಕಾಲು ಅಂಕದ ಲೆಕ್ಕ

ತಪ್ಪಿಗೆ ಕಾಲು ಅಂಕ ಕಳೆಯುತ್ತಾರೆಂದು ಹೆದರಿ ಅನೇಕರು ಪ್ರಶ್ನೆಗಳನ್ನು ಖಾಲಿ ಬಿಟ್ಟು ಬರುತ್ತಾರೆ; ಕೆಲವರು ಕಣ್ಣುಮುಚ್ಚಿ ಎಲ್ಲವನ್ನೂ ತುಂಬುತ್ತಾರೆ. ಇದನ್ನು ಅಂಗಡಿಯ ಖಾತೆಯಂತೆ ನೋಡಬೇಕು. ಏನೂ ತಿಳಿಯದ ಹದಿನಾರು ಪ್ರಶ್ನೆಗಳನ್ನು ಅಂದಾಜಿನ ಮೇಲೆ ತುಂಬಿದರೆ, ಸರಾಸರಿ ನಾಲ್ಕು ಸರಿ, ಹನ್ನೆರಡು ತಪ್ಪು. ಜಮಾ ನಾಲ್ಕು, ಖರ್ಚು ಮೂರು, ಉಳಿದದ್ದು ಒಂದು. ಇದು ವ್ಯಾಪಾರವಲ್ಲ, ಜೂಜು. ನಾಲ್ಕರಲ್ಲಿ ಒಂದು ಉತ್ತರ ಖಂಡಿತ ತಪ್ಪೆಂದು ಹೊಡೆದುಹಾಕಬಲ್ಲ ಹನ್ನೆರಡು ಪ್ರಶ್ನೆಗಳಿದ್ದರೆ ನಾಲ್ಕು ಸರಿ, ಎಂಟು ತಪ್ಪು, ಉಳಿತಾಯ ಎರಡು. ಎರಡನ್ನು ಹೊಡೆದುಹಾಕಬಲ್ಲವನಾದರೆ ಆರು ಸರಿ, ಆರು ತಪ್ಪು, ಉಳಿತಾಯ ನಾಲ್ಕೂವರೆ. ಎರಡು ಉತ್ತರಗಳನ್ನು ತೆಗೆದುಹಾಕುವಷ್ಟು ತಿಳಿವಳಿಕೆ ಇದ್ದಲ್ಲಿ ಧೈರ್ಯವಾಗಿ ತುಂಬಬೇಕು. ಏನೂ ತಿಳಿಯದಲ್ಲಿ ಹೊತ್ತು ಕಳೆಯದೆ ಮುಂದೆ ಹೋಗಬೇಕು.

ಭಾಷೆಯ ಬೇಲಿ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಈ ಪರೀಕ್ಷೆ ನಡೆಯುವುದು ಇಂಗ್ಲಿಷಿನಲ್ಲಿ ಮಾತ್ರ. ವೈದ್ಯಕೀಯಕ್ಕೆ ಹೋಗುವವರ ನೀಟ್ ಪರೀಕ್ಷೆ ೨೦೧೭ರಿಂದ ಕನ್ನಡದಲ್ಲಿದೆ. ಎಂಜಿನಿಯರಿಂಗಿನ ಜೆ.ಇ.ಇ. ಮೇನ್ ೨೦೨೧ರಿಂದ ಕನ್ನಡದಲ್ಲಿದೆ. ಕಾನೂನು ಓದಿ ಮುಗಿಸಿದವರು ಬರೆಯುವ ಅಖಿಲ ಭಾರತ ವಕೀಲರ ಪರೀಕ್ಷೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ನಡೆದು ಬಂದಿದೆ. ಒಳಗಿನಿಂದ ಹೊರಬರುವ ಬಾಗಿಲಲ್ಲಿ ಕನ್ನಡ ನಡೆಯುವುದಾದರೆ, ಒಳಗೆ ಹೋಗುವ ಬಾಗಿಲಲ್ಲಿ ಏಕೆ ನಡೆಯಬಾರದು?

ಹೈಕೋರ್ಟು, ಸುಪ್ರೀಂ ಕೋರ್ಟುಗಳ ಭಾಷೆ ಇಂಗ್ಲಿಷೆಂದು ಸಂವಿಧಾನದ ೩೪೮ನೆಯ ವಿಧಿ ಹೇಳುತ್ತದೆ ಎಂಬುದು ಎದುರುವಾದ. ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಇಂಗ್ಲಿಷ್ ಬಾರದೆ ಹೈಕೋರ್ಟಿನಲ್ಲಿ ನಿಲ್ಲಲಾಗದು. ಆದರೆ ಅದನ್ನು ಕಲಿಸುವುದಕ್ಕೆ ಐದು ವರ್ಷದ ಶಾಲೆಯಿದೆಯಲ್ಲ? ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ಹೇಳುವ ರೈತನ ಮಾತು ಕನ್ನಡವೇ. ಆ ಮಾತನ್ನು ಬಲ್ಲವನು ಹೊಸ್ತಿಲಲ್ಲಿಯೇ ಅನರ್ಹನಾಗಬೇಕೇ? ೨೦೨೩ರಲ್ಲಿ ಈ ಪ್ರಶ್ನೆಯೇ ದೆಹಲಿ ಹೈಕೋರ್ಟಿನ ಮುಂದೆ ಅರ್ಜಿಯಾಗಿ ಬಂದಿತು. ಬೇಡಿಕೆ ನಮ್ಮ ಕಡೆಯಿಂದಲೂ ಗಟ್ಟಿಯಾಗಿ ಏಳಬೇಕು.

ಎದ್ದ ದನಿಗೆ ಬೆಲೆಯಿದೆ ಎಂಬುದಕ್ಕೆ ಒಂದು ನಿದರ್ಶನ. ೨೦೨೦ರ ಸೆಪ್ಟೆಂಬರಿನಲ್ಲಿ, ಕೊರೋನಾ ಕಾಲದಲ್ಲಿ, ಬೆಂಗಳೂರಿನ ಶಾಲೆ ಕ್ಲಾಟನ್ನು ಬಿಟ್ಟು, ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಬರೆಯುವ ತನ್ನದೇ ಪರೀಕ್ಷೆ ನಡೆಸಿತು. ಒಂದೇ ಕೋಣೆಯ ಮನೆಯವರು, ಕಂಪ್ಯೂಟರ್ ಇಲ್ಲದವರು ಏನು ಮಾಡಬೇಕಿತ್ತು? ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ತಿಂಗಳ ೨೧ರಂದು ಕೋರ್ಟು ಆ ಪರೀಕ್ಷೆಯನ್ನು ರದ್ದುಪಡಿಸಿತು.

ಹಾಗೆಂದು ಕನ್ನಡದ ಪ್ರಶ್ನೆಪತ್ರಿಕೆ ಬರಲಿ ಎಂದು ಕಾಯುತ್ತ ಕುಳಿತರೆ ಈ ವರ್ಷದ ಹುಡುಗಿಯ ವರ್ಷ ಹೋಗುತ್ತದೆ. ಬೇಡಿಕೆಯೂ ನಡೆಯಲಿ, ಓದೂ ನಡೆಯಲಿ.

ಮಾಡಬೇಕಾದುದೇನು?

ಮೇಷ್ಟ್ರ ಅನುಭವದಿಂದ ಕೆಲವು ಮಾತು. ಇಂಗ್ಲಿಷಿಗೆ ಹೆದರುವ ಮಗು ಮೊದಲು ಕನ್ನಡ ಪತ್ರಿಕೆಯಲ್ಲಿ ಒಂದು ವಿಷಯದ ಸಂಪಾದಕೀಯವನ್ನು ಓದಲಿ. ಆಮೇಲೆ ಅದೇ ವಿಷಯವನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಓದಲಿ. ವಿಷಯ ಮೊದಲೇ ತಿಳಿದಿರುವುದರಿಂದ ಪದಗಳು ತಾವಾಗಿ ಅರ್ಥ ಬಿಟ್ಟುಕೊಡುತ್ತವೆ. ದಿನಕ್ಕೆ ಒಂದು ಗಂಟೆಯಂತೆ ಆರು ತಿಂಗಳು ಬಿಡದೆ ಮಾಡಿದರೆ ಭಾಷೆ, ಪ್ರಚಲಿತ ವಿದ್ಯಮಾನ ಎರಡೂ ಒಂದೇ ಕಾಸಿನಲ್ಲಿ ಬಂದಂತೆ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಪರೀಕ್ಷೆ ನಡೆಸುವ ಒಕ್ಕೂಟವೇ ಧರ್ಮಕ್ಕೆ ಕೊಡುತ್ತದೆ. ಸಾವಿರಗಟ್ಟಲೆ ಕೊಟ್ಟು ಕೊಳ್ಳುವ ಪುಸ್ತಕಗಳಿಗಿಂತ ಅವೇ ಮೇಲು. ಮಾಡಿದ ಪ್ರತಿ ತಪ್ಪನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು: ಪದ ತಿಳಿಯದೆ ತಪ್ಪಿದೆನೋ, ಅವಸರದಲ್ಲಿ ತಪ್ಪಿದೆನೋ, ಸೂತ್ರ ಬಿಟ್ಟು ಮನಸ್ಸಿನ ಮಾತು ಕೇಳಿ ತಪ್ಪಿದೆನೋ ಎಂದು. ತಿಂಗಳಿಗೊಮ್ಮೆ ಆ ಖಾತೆ ನೋಡಿದರೆ ಎಲ್ಲಿ ಸೋರುತ್ತಿದೆಯೆಂದು ಗೊತ್ತಾಗುತ್ತದೆ.

೨೦೨೩, ೨೦೨೪, ೨೦೨೫ ಈ ಮೂರು ವರ್ಷವೂ ಪರೀಕ್ಷೆ ಡಿಸೆಂಬರಿನ ಮೊದಲ ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಡೆಯಿತು. ಅರ್ಜಿ ಮಳೆಗಾಲದಲ್ಲಿ ತೆರೆದು, ದಸರೆ ದೀಪಾವಳಿಯ ವೇಳೆಗೆ ಮುಚ್ಚುತ್ತ ಬಂದಿದೆ. ಪಿ.ಯು.ಸಿ. ಪರೀಕ್ಷೆ ಮುಗಿದ ಮೇಲೆ ನೋಡೋಣ ಎಂದುಕೊಂಡವರಿಗೆ ಆ ವರ್ಷ ಬಾಗಿಲು ಮುಚ್ಚಿರುತ್ತದೆ. ಅರ್ಜಿಗೆ ೪,೦೦೦ ರೂಪಾಯಿ. ಪರಿಶಿಷ್ಟರಿಗೂ ಬಡತನದ ರೇಖೆಯ ಕೆಳಗಿನವರಿಗೂ ೩,೫೦೦. ಬಡವನಿಗೆ ತೋರಿಸಿದ ದಯೆ ಐನೂರು ರೂಪಾಯಿ! ಆಯ್ಕೆಯಾದ ಮೇಲೆ ಸೀಟಿನ ಹಂಚಿಕೆಗೆ ಸೇರಲು ೨೦೨೫ನೆಯ ಸಾಲಿನಲ್ಲಿ ೩೦,೦೦೦ ರೂಪಾಯಿ, ಮೀಸಲಿನವರು ೨೦,೦೦೦ ಕಟ್ಟಬೇಕಾಗಿತ್ತು; ಅದೂ ಕೆಲವೇ ದಿನಗಳ ಗಡುವಿನಲ್ಲಿ. ಅಂಕ ಬಂದೂ ಹಣವಿಲ್ಲದೆ ಸೀಟು ಹೋಗುವುದೆಂದರೆ ಇದೇ. ಶಾಲೆಯ ವಾರ್ಷಿಕ ಶುಲ್ಕವಂತೂ ಲಕ್ಷಗಳಲ್ಲಿದೆ. ರಿಯಾಯಿತಿ, ವಿದ್ಯಾರ್ಥಿವೇತನಗಳನ್ನು ಮೊದಲೇ ವಿಚಾರಿಸಿಡಬೇಕು.

ಬೆಂಗಳೂರಿನ ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ ಕೊಡುವ ರಾಜ್ಯದ ಕಾಯ್ದೆಯನ್ನು ೨೦೨೦ರಲ್ಲಿ ಹೈಕೋರ್ಟು ರದ್ದುಮಾಡಿತಾದರೂ, ಮರುವರ್ಷದಿಂದ ಶಾಲೆಯೇ ಅಂಥ ಮೀಸಲನ್ನು ಇಟ್ಟುಕೊಂಡಿತು. ಆದುದರಿಂದ ಒಂದನೆಯ ತರಗತಿಯಿಂದ ವ್ಯಾಸಂಗ ಪ್ರಮಾಣಪತ್ರಗಳನ್ನು ಈಗಲೇ ತಂದಿಟ್ಟುಕೊಳ್ಳುವುದು ಜಾಣತನ.

ಸಂಘಗಳು ಮಾಡಬೇಕಾದುದು ಮೂರು. ಭಾನುವಾರ ಮಧ್ಯಾಹ್ನ ಸಂಘದ ಕಚೇರಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟು, ಎರಡರಿಂದ ನಾಲ್ಕರವರೆಗೆ ಗಡಿಯಾರವಿಟ್ಟು ಹಳೆಯ ಪ್ರಶ್ನೆಪತ್ರಿಕೆ ಬರೆಸುವುದು. ವಾಚನಾಲಯಕ್ಕೆ ಒಂದು ಇಂಗ್ಲಿಷ್ ಪತ್ರಿಕೆ ತರಿಸುವುದು. ಅರ್ಜಿಗೂ ಸೀಟಿನ ಗಡುವಿಗೂ ಬೇಕಾದ ಹಣಕ್ಕೆ ಒಂದು ಕೈಗಡದ ನಿಧಿ ಮಾಡುವುದು. ಇಂಥ ಕೆಲಸ ಆಗದ ಮಾತಲ್ಲ. ಪ್ರಾಧ್ಯಾಪಕ ಶಾಮ್ನಾದ್ ಬಷೀರ್ ಅವರು ೨೦೧೦ರಲ್ಲಿ ಆರಂಭಿಸಿದ "ಐಡಿಯಾ" ಎಂಬ ಸಂಸ್ಥೆ ಹಿಂದುಳಿದ ಮನೆಗಳ ಮಕ್ಕಳನ್ನು ಹುಡುಕಿ, ಇದೇ ಪರೀಕ್ಷೆಗೆ ತರಬೇತಿ ಕೊಟ್ಟು, ಈ ಶಾಲೆಗಳಿಗೆ ಸೇರಿಸಿ ತೋರಿಸಿದೆ. ಅವರು ೨೦೧೯ರಲ್ಲಿ ತೀರಿಕೊಂಡರು. ತೋರಿಸಿದ ದಾರಿ ಉಳಿದಿದೆ.

ಕ್ಲಾಟ್ ದಕ್ಕದಿದ್ದರೆ ವಕೀಲಿಯೇ ದಕ್ಕಲಿಲ್ಲವೆಂದು ಯಾರೂ ಎದೆಗುಂದಬಾರದು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಅನೇಕ ಜಿಲ್ಲಾ ಪಟ್ಟಣಗಳಲ್ಲಿವೆ. ಪಿ.ಯು.ಸಿ. ಮೇಲೆ ಐದು ವರ್ಷ, ಇಲ್ಲವೇ ಪದವಿಯ ಮೇಲೆ ಮೂರು ವರ್ಷ. ಅಲ್ಲಿಗೆ ಕ್ಲಾಟ್ ಬೇಕಿಲ್ಲ. ಅಲ್ಲಿ ಓದಿದವನೂ ಅದೇ ಕರಿಯ ಕೋಟು ತೊಡುತ್ತಾನೆ.

ಚೀಟಿ ತಂದ ಸಂಗಾತಿಗೆ ಇಷ್ಟನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಬರೋ ಭಾನುವಾರ ಅವಳನ್ನ ಕಳಿಸ್ಲಾ?" ಎಂದರು. ಕಳಿಸಿರಿ ಎಂದೆ. ಬೆಂಚು ಉದ್ದವಾಗಿದೆ, ಇನ್ನೂ ಏಳೆಂಟು ಮಕ್ಕಳಿಗೆ ಜಾಗವಿದೆ. ನಿಮ್ಮ ಮನೆಯಲ್ಲಿ ಅಂಥ ಹುಡುಗನೋ ಹುಡುಗಿಯೋ ಇದ್ದರೆ ನೀವೂ ಕಳಿಸಿರಿ. ಎರಡು ಗಂಟೆಗೆ ಸರಿಯಾಗಿ ಗಡಿಯಾರ ಇಡುತ್ತೇವೆ.