ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಹಳೆಯ ಕಾರಿನ ಆಲ್ಟರ್ನೇಟರ್ ಕಲಿಸುವ ಲೆಕ್ಕದ ಪಾಠ

ಹುಬ್ಬಳ್ಳಿಯ ಒಬ್ಬ ಸಗಟು ವ್ಯಾಪಾರಿಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಅವರ ಬಳಿ ಹದಿನಾರು ವರ್ಷ ಹಳೆಯದಾದ ಪೆಟ್ರೋಲ್ ಕಾರೊಂದಿದೆ. ವಾರಕ್ಕೊಮ್ಮೆ ಅಂಕೋಲಾ, ಕಾರವಾರಗಳ ಅಂಗಡಿಗಳಿಗೆ ಹೋಗಿ, ಬೇಡಿಕೆ ಬರೆದುಕೊಂಡು, ಬಾಕಿ ವಸೂಲು ಮಾಡಿ ರಾತ್ರಿಯೇ ಹಿಂದಿರುಗುವುದು ಅವರ ರೂಢಿ. ಒಂದು ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಹೋಗಿದೆಯೆಂದು ಗ್ಯಾರೇಜಿನವರು ಹೇಳಿದರು. ಹೊಸ ಬ್ಯಾಟರಿ ಬಂದಿತು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಎಲ್ಲರಿಗೂ ಸಮಾಧಾನವಾಯಿತು. ಮೂರನೆಯ ದಿನ ಕರಾವಳಿಯಿಂದ ಹಿಂದಿರುಗುತ್ತ ಅರಬೈಲ್ ಘಟ್ಟ ಏರುವಾಗ ಹೆಡ್‌ಲೈಟು ಮಂಕಾಯಿತು, ವೈಪರ್ ನಿಧಾನವಾಯಿತು, ಕೊನೆಗೆ ಇಂಜಿನ್ನೂ ನಿಂತಿತು. ವಸೂಲಾದ ಹಣದ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಮಳೆಯಲ್ಲಿ, ಲಾರಿಗಳು ತಿರುಗುವ ಜಾಗದಲ್ಲಿ, ದೀಪವಿಲ್ಲದ ಕಾರಿನೊಳಗೆ ಅವರು ಬೆಳಗಿನವರೆಗೆ ಕುಳಿತಿದ್ದರು.

ಈ ವ್ಯಾಪಾರಿ ಕಲ್ಪಿತ. ಆದರೆ ಹಳೆಯ ವಾಹನವನ್ನು ನೆಚ್ಚಿಕೊಂಡ ವರ್ತಕರಲ್ಲಿ ಇಂತಹ ಅನುಭವ ಹೊಸದೆನ್ನುವವರು ವಿರಳ. ಕೆಟ್ಟದ್ದು ಬ್ಯಾಟರಿಯಲ್ಲ, ಅದನ್ನು ತುಂಬಬೇಕಾದ ಆಲ್ಟರ್ನೇಟರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಚಿಕಿತ್ಸೆ ನಡೆದಿತ್ತು. ತಪ್ಪೆಲ್ಲ ಗ್ಯಾರೇಜಿನವರದೆಂದು ಹೇಳಿಬಿಡುವುದು ಸುಲಭ. ಆದರೆ ಅವರು ಕೊಟ್ಟ ಬಿಲ್ಲನ್ನು ಬಿಡಿಸಿ ನೋಡಿದರೆ ಬೇರೊಂದು ಸಂಗತಿ ತಿಳಿಯುತ್ತದೆ. ಅದರಲ್ಲಿ ಬ್ಯಾಟರಿಯ ಬೆಲೆಯಿದೆ, ಜೋಡಣೆಯ ಕೂಲಿಯಿದೆ, ತೆರಿಗೆಯಿದೆ. ಪರೀಕ್ಷೆಗೆಂದು ಒಂದು ಸಾಲೂ ಇಲ್ಲ. ಇಲ್ಲದಿರುವುದಕ್ಕೆ ಕಾರಣ, ಆ ಸಾಲಿಗೆ ಹಣ ಕೊಡಲು ಗಿರಾಕಿ ಸಿದ್ಧನಿರುವುದಿಲ್ಲ.

ಇಡುಗಂಟು ಮತ್ತು ದಿನದ ಆದಾಯ

ಕಾರಿನ ವಿದ್ಯುತ್ ವ್ಯವಸ್ಥೆಯನ್ನು ವರ್ತಕರ ಭಾಷೆಯಲ್ಲಿಯೇ ಹೇಳಬಹುದು. ಬ್ಯಾಟರಿಯೆಂಬುದು ಇಡುಗಂಟು, ಆಲ್ಟರ್ನೇಟರ್ ದಿನದ ಆದಾಯ. ಇಂಜಿನ್ನನ್ನು ಸ್ಟಾರ್ಟ್ ಮಾಡುವಾಗ ಇಡುಗಂಟಿಗೆ ಕೈ ಹಾಕಬೇಕಾಗುತ್ತದೆ. ಇಂಜಿನ್ ತಿರುಗತೊಡಗಿದ ಮೇಲೆ ಬೆಲ್ಟಿನ ಮೂಲಕ ಆಲ್ಟರ್ನೇಟರ್ ತಿರುಗಿ, ದೀಪ, ಇಗ್ನಿಷನ್, ವೈಪರ್, ಫ್ಯಾನುಗಳ ಖರ್ಚನ್ನೆಲ್ಲ ಭರಿಸಿ, ತೆಗೆದ ಇಡುಗಂಟನ್ನೂ ಮರಳಿ ತುಂಬುತ್ತದೆ. ತಿರುಗುವ ರೋಟರ್, ಸುತ್ತ ಸ್ಥಿರವಾಗಿ ನಿಂತ ಸ್ಟೇಟರ್, ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಸುವ ಡಯೋಡುಗಳು, ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್, ರೋಟರಿಗೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್ಷುಗಳು ಮತ್ತು ಎರಡು ಬೇರಿಂಗುಗಳು: ಅದರ ಸಂಸಾರ ಇಷ್ಟೇ.

ಆದಾಯ ನಿಂತ ಮನೆಯಲ್ಲಿ ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ಎರಡು ಹೆಡ್‌ಲೈಟುಗಳಿಗೆ ತಲಾ 55 ವ್ಯಾಟ್‌ನಂತೆ ಸುಮಾರು 9 ಆಂಪಿಯರ್ ಬೇಕು. ಇಗ್ನಿಷನ್, ಇಂಧನ ಪಂಪು, ವೈಪರ್ ಮೊದಲಾದವು ಸೇರಿ ಒಟ್ಟು 20 ಆಂಪಿಯರ್ ಎಂದು ಲೆಕ್ಕ ಹಿಡಿದರೆ, 35 ಆಂಪಿಯರ್-ಅವರ್ ಸಾಮರ್ಥ್ಯದ ಹೊಸ ಬ್ಯಾಟರಿಯು ಕಾಗದದ ಮೇಲೆ ಒಂದೂಮುಕ್ಕಾಲು ಗಂಟೆ ಬರಬೇಕು. ವಾಸ್ತವದಲ್ಲಿ ಅದಕ್ಕೆ ಬಹಳ ಮೊದಲೇ ಕೈಕೊಡುತ್ತದೆ. ಹಗಲಿನಲ್ಲಿ, ಊರೊಳಗೆ ಅಂಗಡಿಯಿಂದ ಮನೆಗೆ ಓಡಾಡುವಾಗ ಖರ್ಚು ಕಡಿಮೆಯಾದ್ದರಿಂದ ದೋಷ ತೋರುವುದಿಲ್ಲ. ಮಳೆಯ ರಾತ್ರಿ ದೂರದ ದಾರಿಯಲ್ಲಿಯೇ ಅದು ಪ್ರಕಟವಾಗುವುದು ಆಕಸ್ಮಿಕವಲ್ಲ, ಕೇವಲ ಕೂಡು-ಕಳೆಯ ಫಲ. ಇನ್ನೊಂದು ನಷ್ಟವೂ ಇದೆ. ಲೆಡ್-ಆಸಿಡ್ ಬ್ಯಾಟರಿಯನ್ನು ಪೂರ್ತಿ ಬರಿದಾಗಿಸಿ ಹಾಗೆಯೇ ಬಿಟ್ಟರೆ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಸಾಮರ್ಥ್ಯ ಕುಂದುತ್ತದೆ. ಎಂದರೆ ತಪ್ಪು ನಿದಾನದಿಂದ ಹೊಸ ಬ್ಯಾಟರಿಯೂ ಹಳೆಯದರ ದಾರಿ ಹಿಡಿಯುತ್ತದೆ.

ಹದಿನೈದು ನಿಮಿಷಗಳ ಪರೀಕ್ಷೆ

ಈ ನಷ್ಟವನ್ನು ತಪ್ಪಿಸುವ ಪರೀಕ್ಷೆ ಕಠಿಣವಾದುದಲ್ಲ. ಮೊದಲನೆಯದು ಕಣ್ಣಿನ ಪರೀಕ್ಷೆ. ಕೀಲಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಬೇಕು, ಇಂಜಿನ್ ಓಡತೊಡಗಿದೊಡನೆ ಆರಬೇಕು. ಆರದಿದ್ದರೆ ಚಾರ್ಜಿಂಗ್ ಆಗುತ್ತಿಲ್ಲವೆಂದರ್ಥ. ಹತ್ತದೇ ಇದ್ದರೂ ನೆಮ್ಮದಿಪಡುವಂತಿಲ್ಲ. ಅನೇಕ ಹಳೆಯ ಕಾರುಗಳಲ್ಲಿ ಆ ಬಲ್ಬಿನ ಮೂಲಕವೇ ಆಲ್ಟರ್ನೇಟರಿಗೆ ಆರಂಭದ ವಿದ್ಯುತ್ ಹೋಗುವುದರಿಂದ, ಬಲ್ಬು ಸುಟ್ಟಿದ್ದರೆ ಚಾರ್ಜಿಂಗೇ ಆರಂಭವಾಗದಿರಬಹುದು. ನಂತರ ಇಂಜಿನ್ ನಿಲ್ಲಿಸಿ ಬೆಲ್ಟನ್ನು ನೋಡಬೇಕು. ಬಿರುಕು ಬಿಟ್ಟ, ಹೊಳಪೇರಿದ ಅಥವಾ ಸಡಿಲವಾದ ಬೆಲ್ಟು ಜಾರುತ್ತದೆ. ಹೆಡ್‌ಲೈಟು ಹಾಕಿದಾಗ ಕಿರ್ರೆಂದು ಕೂಗುತ್ತದೆ. ಬ್ಯಾಟರಿಯ ಟರ್ಮಿನಲ್ಲುಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅದನ್ನು ಮೊದಲು ತೊಳೆಯಬೇಕು.

ಎರಡನೆಯದು ಮಲ್ಟಿಮೀಟರಿನ ಪರೀಕ್ಷೆ. ಕೆಲವು ಗಂಟೆ ನಿಂತ ಕಾರಿನಲ್ಲಿ ಪೂರ್ಣ ಚಾರ್ಜಾದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಇಳಿದಿದ್ದರೆ ಸುಮಾರು ಅರ್ಧ ಖಾಲಿಯಾಗಿದೆ. ಇಂಜಿನ್ ಓಡುವಾಗ ಅದೇ ಟರ್ಮಿನಲ್ಲುಗಳಲ್ಲಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟು, ಬ್ಲೋವರ್ ಎರಡನ್ನೂ ಹಾಕಿ ಇಂಜಿನ್ ವೇಗವನ್ನು ಸ್ವಲ್ಪ ಏರಿಸಿದಾಗಲೂ 13ಕ್ಕಿಂತ ಸಾಕಷ್ಟು ಮೇಲಿರಬೇಕು. ಓಡುತ್ತಿರುವಾಗಲೂ 12.6ಕ್ಕಿಂತ ಕೆಳಗಿದ್ದು ಇಳಿಯುತ್ತಲೇ ಹೋದರೆ ಆದಾಯ ನಿಂತಿದೆ. 15ನ್ನು ದಾಟಿದರೆ ರೆಗ್ಯುಲೇಟರ್ ಹತೋಟಿ ಕಳೆದುಕೊಂಡಿದೆ. ಬ್ಯಾಟರಿಯ ನೀರು ಬತ್ತುತ್ತದೆ, ಬಲ್ಬುಗಳು ಸುಡುತ್ತವೆ. ಇವು ಹಳೆಯ ಕಾರುಗಳ ಅಂಕಿಗಳು. ಇತ್ತೀಚಿನ ಅನೇಕ ಕಾರುಗಳಲ್ಲಿ ಕಂಪ್ಯೂಟರು ಈ ವೋಲ್ಟೇಜನ್ನು ಏರಿಳಿಸುತ್ತಿರುತ್ತದೆ.

ಮೂರನೆಯದು ತಂತಿಗಳ ಪರೀಕ್ಷೆ. ಇಂಜಿನ್ ಓಡುತ್ತ ದೀಪಗಳು ಉರಿಯುವಾಗ ಆಲ್ಟರ್ನೇಟರಿನ ಧನ ತುದಿಗೂ ಬ್ಯಾಟರಿಯ ಧನ ತುದಿಗೂ ನಡುವೆ 0.2 ವೋಲ್ಟಿಗಿಂತ ಗಣನೀಯವಾಗಿ ಹೆಚ್ಚು ಅಂತರ ಕಂಡುಬಂದರೆ ದೋಷ ಆಲ್ಟರ್ನೇಟರಿನಲ್ಲಿಲ್ಲ, ದಾರಿಯಲ್ಲಿದೆ. ಋಣ ಬದಿಯ ಅರ್ತ್ ಪಟ್ಟಿಯನ್ನೂ ಹೀಗೆಯೇ ನೋಡಬೇಕು. ತುಕ್ಕು ಹಿಡಿದ ಒಂದು ಪಟ್ಟಿಗಾಗಿ ಆಲ್ಟರ್ನೇಟರನ್ನೇ ಬದಲಿಸಿದ ಪ್ರಸಂಗಗಳಿಗೆ ಕೊರತೆಯಿಲ್ಲ. ಮೀಟರನ್ನು ಪರ್ಯಾಯ ವಿದ್ಯುತ್ತಿಗೆ ತಿರುಗಿಸಿ ಬ್ಯಾಟರಿಯ ಮೇಲಿಟ್ಟಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಡಯೋಡ್ ಕೆಟ್ಟಿರುವ ಶಂಕೆಗೆ ಕಾರಣವಿದೆ. ಕೆಟ್ಟ ಡಯೋಡು ನಿಂತ ಕಾರಿನ ಬ್ಯಾಟರಿಯನ್ನು ರಾತ್ರಿಯೆಲ್ಲ ಸೋರಿಸಲೂಬಲ್ಲದು.

ಒಂದು ಹಳೆಯ ಪದ್ಧತಿಯನ್ನು ಮಾತ್ರ ಕೈಬಿಡಬೇಕು. ಓಡುತ್ತಿರುವ ಇಂಜಿನ್ನಿನಲ್ಲಿ ಬ್ಯಾಟರಿಯ ಟರ್ಮಿನಲ್ ಕಿತ್ತು, ಇಂಜಿನ್ ನಿಲ್ಲದಿದ್ದರೆ ಆಲ್ಟರ್ನೇಟರ್ ಸರಿಯಿದೆಯೆಂದು ತೀರ್ಮಾನಿಸುವುದು ಡೈನಮೋ ಕಾಲದಿಂದ ಬಂದ ರೂಢಿ. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಆ ಕ್ಷಣಕ್ಕೆ ಏರುವ ವೋಲ್ಟೇಜ್ ಡಯೋಡು, ರೆಗ್ಯುಲೇಟರುಗಳನ್ನೂ, ಇದ್ದರೆ ಇಂಜಿನ್ ಕಂಪ್ಯೂಟರನ್ನೂ ಸುಡಬಹುದು. ನೆಟ್ಟಗಿದ್ದುದನ್ನು ಕೆಡಿಸಿ ನೋಡುವುದು ಪರೀಕ್ಷೆಯೆನಿಸದು.

ದುರಸ್ತಿಯೋ, ಬದಲಾವಣೆಯೋ?

ಆಲ್ಟರ್ನೇಟರೇ ಕೆಟ್ಟಿದೆಯೆಂದು ಖಚಿತವಾದ ಮೇಲೂ ಇಡೀ ಘಟಕವನ್ನು ಬದಲಿಸಲೇಬೇಕೆಂದಿಲ್ಲ. ಸವೆದ ಬ್ರಷ್ಷು, ಸದ್ದು ಮಾಡುವ ಬೇರಿಂಗು, ಕೆಟ್ಟ ರೆಗ್ಯುಲೇಟರುಗಳನ್ನು ಅನುಭವಿ ಆಟೋ ಎಲೆಕ್ಟ್ರಿಷಿಯನ್ ಬಿಚ್ಚಿ ಬದಲಿಸಬಲ್ಲರು. ಸ್ಟೇಟರ್ ಸುರುಳಿ ಸುಟ್ಟಿದ್ದರೆ, ಸ್ಲಿಪ್ ರಿಂಗ್ ಆಳವಾಗಿ ಸವೆದಿದ್ದರೆ ಅಥವಾ ಹೊರಕವಚ ಬಿರುಕು ಬಿಟ್ಟಿದ್ದರೆ ಬದಲಾವಣೆಯೇ ಮೇಲು. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ಹೊಸದು, ಪುನರ್ನಿರ್ಮಿತವಾದದ್ದು, ಹಳೆಯ ಕಾರಿನಿಂದ ಕಳಚಿದ್ದು ಎಲ್ಲವೂ ದೊರೆಯುತ್ತವೆ. ಯಾವುದನ್ನು ಕೊಂಡರೂ ಬಿಲ್ಲು ಮತ್ತು ಖಾತರಿ ಚೀಟಿ ಪಡೆಯಬೇಕು. ಹಳೆಯ ಘಟಕವನ್ನು ಪಕ್ಕದಲ್ಲಿಟ್ಟು ಆಂಪಿಯರ್ ಸಾಮರ್ಥ್ಯ, ಪುಲ್ಲಿ, ಬೋಲ್ಟಿನ ಕಿವಿಗಳು ಮತ್ತು ತಂತಿಯ ಪ್ಲಗ್ಗು ಹೋಲುತ್ತವೆಯೇ ಎಂದು ನೋಡಬೇಕು.

ಜೋಡಣೆಗೂ ಒಂದು ಶಿಸ್ತಿದೆ. ಬ್ಯಾಟರಿಯ ಋಣ ತಂತಿಯನ್ನು ಮೊದಲು ಬಿಚ್ಚಿ, ಕೊನೆಯಲ್ಲಿ ಹಾಕಬೇಕು. ಆಲ್ಟರ್ನೇಟರಿಗೆ ಬರುವ ದಪ್ಪ ತಂತಿ ನೇರವಾಗಿ ಬ್ಯಾಟರಿಗೆ ಸೇರಿರುವುದರಿಂದ, ಋಣ ತಂತಿ ಬಿಚ್ಚದೆ ಪಾನಾ ಹಾಕಿದರೆ ಕಿಡಿ ಹಾರುತ್ತದೆ. ಬರಿದಾದ ಬ್ಯಾಟರಿಯನ್ನು ಹೊರಗಿನ ಚಾರ್ಜರಿನಿಂದ ತುಂಬಿಸಿದ ಬಳಿಕವೇ ಕೂಡಿಸಬೇಕು. ಖಾಲಿ ಬ್ಯಾಟರಿಯನ್ನು ತುಂಬುವ ಭಾರವನ್ನು ಹೊಸ ಆಲ್ಟರ್ನೇಟರಿನ ಮೇಲೆ ಮೊದಲ ದಿನವೇ ಹೊರಿಸಿದರೆ ಅದು ಅತಿಯಾಗಿ ಕಾಯುತ್ತದೆ. ಹೊಸ ಬೆಲ್ಟು ಹಿಗ್ಗುವುದರಿಂದ ಕೆಲವು ನೂರು ಕಿಲೋಮೀಟರುಗಳ ಅನಂತರ ಬಿಗಿಯನ್ನು ಮತ್ತೆ ನೋಡಬೇಕು. ಕೆಲಸ ಮುಗಿದ ಮೇಲೆ ಅದೇ ವೋಲ್ಟೇಜ್ ಪರೀಕ್ಷೆಯನ್ನು ಮರಳಿ ಮಾಡಿ ಅಂಕಿಗಳನ್ನು ಬಿಲ್ಲಿನ ಹಿಂಭಾಗದಲ್ಲಿ ಬರೆಸಿಕೊಂಡರೆ ಮುಂದಿನ ಜಗಳಕ್ಕೆ ಅವಕಾಶವಿರುವುದಿಲ್ಲ.

ಬಿಲ್ಲಿನಲ್ಲಿ ಇಲ್ಲದ ಸಾಲು

ಇನ್ನು ಲೆಕ್ಕದ ಮಾತು. ಆಲ್ಟರ್ನೇಟರ್ ಬದಲಾವಣೆಯಿಂದ ಹೊಸ ಆಸ್ತಿಯೇನೂ ಹುಟ್ಟುವುದಿಲ್ಲ. ಇರುವ ಕಾರು ಮೊದಲಿನಂತೆ ಓಡುತ್ತದೆ, ಅಷ್ಟೇ. ಚಾಲ್ತಿ ದುರಸ್ತಿಯೆಂದರೆ ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚವೇ ಹೊರತು ಹೊಸ ಆಸ್ತಿಯನ್ನು ತರುವುದಲ್ಲ ಎಂಬ ಒರೆಗಲ್ಲನ್ನು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದುದರಿಂದ ಇದನ್ನು ಕಾರಿನ ಬೆಲೆಗೆ ಸೇರಿಸದೆ ದುರಸ್ತಿ ಖಾತೆಗೆ ಹಾಕುವುದು ಯುಕ್ತ. ಕಾರು ಮನೆಯ ಬಳಕೆಗೂ ಇದ್ದರೆ ಆ ಪಾಲನ್ನು ಕಳೆಯಬೇಕು.

ಸರಕು ಮತ್ತು ಸೇವಾ ತೆರಿಗೆಯ ವಿಷಯದಲ್ಲಿ ಹಲವರಿಗೆ ತಪ್ಪು ಕಲ್ಪನೆಯಿದೆ. ಬಿಡಿಭಾಗಗಳ ಮೇಲಿನ ದರ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಬಂದಿದೆ, ನಿಜ. ಆದರೆ ಕೇಂದ್ರ ಕಾಯ್ದೆಯ 17(5)ನೇ ಕಲಮಿನ ಪ್ರಕಾರ, ಚಾಲಕನೂ ಸೇರಿ 13ಕ್ಕಿಂತ ಹೆಚ್ಚು ಆಸನಗಳಿಲ್ಲದ ಪ್ರಯಾಣಿಕ ವಾಹನದ ದುರಸ್ತಿ ಸೇವೆಗೆ ಕೊಟ್ಟ ತೆರಿಗೆಯನ್ನು ಸಾಮಾನ್ಯ ವರ್ತಕರು ಇನ್‌ಪುಟ್ ಕ್ರೆಡಿಟ್ಟಾಗಿ ಪಡೆಯುವಂತಿಲ್ಲ. ವಾಹನ ಮಾರಾಟ, ಪ್ರಯಾಣಿಕರ ಸಾಗಣೆ, ಚಾಲನಾ ತರಬೇತಿಗಳಂತಹ ಉದ್ಯಮಗಳಿಗೆ ಮಾತ್ರ ವಿನಾಯಿತಿಯಿದೆ. ಸರಕು ಸಾಗಿಸುವ ವಾಹನಗಳಿಗೆ ಈ ತಡೆ ಅನ್ವಯಿಸದು. ಎಂದರೆ ಕಾರಿನ ವಿಷಯದಲ್ಲಿ ಊಹೆಯಿಂದ ಮಾಡಿಸಿದ ದುರಸ್ತಿಯ ತೆರಿಗೆಯೂ ಪೂರ್ತಿ ಕೈಯಿಂದಲೇ ಹೋಗುತ್ತದೆ.

ಇಷ್ಟಾದರೂ ಪರೀಕ್ಷೆಗೆ ಕೂಲಿ ಕೇಳಿದರೆ ವರ್ತಕರು ಹುಬ್ಬೇರಿಸುತ್ತಾರೆ. “ನೋಡಿದ್ದಕ್ಕೂ ದುಡ್ಡೇ?” ಎಂಬ ಪ್ರಶ್ನೆ ಯಾವ ಗ್ಯಾರೇಜಿಗೂ ಅಪರಿಚಿತವಲ್ಲ. ಅರ್ಧ ಗಂಟೆ ಮೀಟರು ಹಿಡಿದು, ತುಕ್ಕು ಹಿಡಿದ ಅರ್ತ್ ಪಟ್ಟಿಯನ್ನು ಪತ್ತೆಹಚ್ಚಿದ ಎಲೆಕ್ಟ್ರಿಷಿಯನ್ನಿಗೆ ಐವತ್ತು ರೂಪಾಯಿ ಕೊಡಲೂ ಚೌಕಾಶಿ ನಡೆಯುತ್ತದೆ. ಊಹೆಯ ಮೇಲೆ ನಾಲ್ಕು ಸಾವಿರದ ಬ್ಯಾಟರಿ ಕೂರಿಸಿದವರಿಗೆ ಮಾತಿಲ್ಲದೆ ಹಣ ಸಲ್ಲುತ್ತದೆ. ಸಂಪಾದನೆಯೆಲ್ಲ ಬಿಡಿಭಾಗದ ಲಾಭದಲ್ಲಿಯೇ ಇದೆಯೆಂದಾದಾಗ, ಬಿಡಿಭಾಗ ಬದಲಿಸುವವನು ಉಳಿಯುತ್ತಾನೆ, ದೋಷ ಹುಡುಕುವವನು ಕಸುಬು ಬಿಡುತ್ತಾನೆ. ಬದಲಿಸಿಬಿಟ್ಟರೆ ಸಮಯ ಉಳಿಯುತ್ತದೆಂಬ ವಾದವೂ ಉಂಟು. ಕೆಟ್ಟದ್ದನ್ನೇ ಬದಲಿಸಿದರೆ ಸಮಯ ಉಳಿದೀತು. ಬೇರೆಯದನ್ನು ಬದಲಿಸಿದರೆ ಆ ಸಮಯವನ್ನು ಘಟ್ಟದ ತಿರುವಿನಲ್ಲಿ ಬಡ್ಡಿಸಹಿತ ತೀರಿಸಬೇಕಾಗುತ್ತದೆ.

ಪರೀಕ್ಷೆಗೆ ಮುನ್ನೂರು ರೂಪಾಯಿ ಎಂದು ಭಾವಿಸಿದರೂ ಅದು ಬ್ಯಾಟರಿಯ ಬೆಲೆಯ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಆ ಹಣವನ್ನು ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಬರೆಸಿ, ಪರೀಕ್ಷೆಯ ಅಂಕಿಗಳನ್ನು ಪಡೆದ ಮೇಲೆಯೇ ಬಿಡಿಭಾಗಕ್ಕೆ ಒಪ್ಪಿಗೆ ಕೊಡುವ ಪದ್ಧತಿಯನ್ನು ವರ್ತಕ ಬಾಂಧವರು ರೂಢಿಸಿಕೊಳ್ಳಬೇಕು. ಈ ಮಾತು ಕಾರಿಗಷ್ಟೇ ಸೀಮಿತವಲ್ಲ. ಸಣ್ಣ ಕಾರ್ಖಾನೆಯ ಮೋಟಾರು, ಕಂಪ್ರೆಸರ್, ಜನರೇಟರುಗಳ ದುರಸ್ತಿ ಬಿಲ್ಲುಗಳನ್ನು ತಿರುವಿದರೂ ಇದೇ ಸಾಲು ಕಾಣೆಯಾಗಿರುವುದು ಕಂಡುಬರುತ್ತದೆ.

ಹುಬ್ಬಳ್ಳಿಯ ಆ ವ್ಯಾಪಾರಿಯ ಕಾರಿನಲ್ಲಿ ಸವೆದದ್ದು ಒಂದು ಜೊತೆ ಬ್ರಷ್ಷು ಮಾತ್ರವೆಂದು ಭಾವಿಸಬಹುದು. ಅದನ್ನು ಹೊಸ ಬ್ಯಾಟರಿ ಕೂರಿಸುವ ಮೊದಲೇ ಒಂದು ಮೀಟರು ತೋರಿಸಿಕೊಡುತ್ತಿತ್ತು. ಮೀಟರು ಹಿಡಿಯುವವರಿಗೆ ಕೂಲಿಯೊಂದೇ ಗೊತ್ತಾಗಿರಲಿಲ್ಲ.