ಕಲಿಕೆಯ ಕಣ್ಣು ತೆರೆದವರು

ಜನನಾಯಕರ ಬಿರುದುಗಳಲ್ಲಿ ಕೆಲವು ಅವರ ಅಧಿಕಾರವನ್ನು ಸಾರಿದರೆ, ಕೆಲವು ಅವರು ಸಲ್ಲಿಸಿದ ಸೇವೆಯನ್ನು ಸಾರುತ್ತವೆ. ತಮಿಳುನಾಡಿನ ಕೆ. ಕಾಮರಾಜರಿಗೆ ಇವೆರಡೂ ಒದಗಿದವು. ಕಾಂಗ್ರೆಸ್ಸಿನ ಅಧ್ಯಕ್ಷರಾಗಿ 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಗಳನ್ನೂ 1966ರಲ್ಲಿ ಇಂದಿರಾ ಗಾಂಧಿಯವರನ್ನೂ ಪ್ರಧಾನಿ ಪದವಿಗೆ ತರುವಲ್ಲಿ ಅವರು ವಹಿಸಿದ ಪಾತ್ರವನ್ನು ಕಂಡು ಪತ್ರಿಕೆಗಳು ಅವರನ್ನು ‘ಕಿಂಗ್ ಮೇಕರ್’ ಎಂದವು. ತಮಿಳು ಜನತೆ ಮಾತ್ರ ‘ಕಲ್ವಿ ಕಣ್ ತಿರಂದವರ್’ ಎಂದು ಕರೆಯಿತು. ಇವೆರಡರಲ್ಲಿ ಹಿರಿದಾದುದು ಎರಡನೆಯದೇ.

ಈ ಬಿರುದು ಕನ್ನಡಿಗರ ಕಿವಿಗೆ ಹೊರಗಿನದಲ್ಲ. ಕಲಿ, ಕಣ್, ತೆರೆ ಎಂಬ ನಮ್ಮ ಪದಗಳೇ ಅದರಲ್ಲಿ ಸೋದರರೂಪದಲ್ಲಿವೆ. ಅಕ್ಷರವೇ ಮನುಷ್ಯನ ನಿಜವಾದ ಕಣ್ಣೆಂಬ ಭಾವವನ್ನು ತಿರುವಳ್ಳುವರು ಕುರಳಿನಲ್ಲಿ ಬಹು ಹಿಂದೆಯೇ ಬಿತ್ತಿದ್ದರು. ಜನರು ಆ ಹಳೆಯ ಮಾತನ್ನು ತಮ್ಮ ಕಾಲದ ಒಬ್ಬ ವ್ಯಕ್ತಿಗೆ ಅನ್ವಯಿಸಿದರು.

ಅದಕ್ಕೆ ತಕ್ಕ ಕಾರಣವೂ ಇದ್ದಿತು. 1903ರಲ್ಲಿ ವಿರುದುನಗರದಲ್ಲಿ ಜನಿಸಿದ ಕಾಮರಾಜರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಶಾಲೆಯನ್ನು ಅರ್ಧಕ್ಕೆ ಬಿಟ್ಟು, ಸೋದರಮಾವನ ಬಟ್ಟೆಯಂಗಡಿಯಲ್ಲಿ ದುಡಿಯಬೇಕಾಯಿತು. 1954ರಿಂದ 1963ರವರೆಗೆ ಮುಖ್ಯಮಂತ್ರಿಗಳಾಗಿದ್ದಾಗ ಹಳ್ಳಿಹಳ್ಳಿಗಳಲ್ಲಿ ಶಾಲೆಗಳನ್ನು ತೆರೆಸಿದರು. ಬಡಮಕ್ಕಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನು ಏರ್ಪಡಿಸಿದರು. ಹಸಿದ ಮಗುವಿಗೆ ಪಾಠ ಹತ್ತದೆಂಬುದನ್ನು ಅವರು ಗ್ರಂಥಗಳಿಂದ ಅರಿಯಬೇಕಾಗಿರಲಿಲ್ಲ.

ಆದರೆ ಬಿರುದು ಒಬ್ಬರ ಹೆಸರಿಗೆ ಸಂದಾಗ ಅನೇಕರ ಶ್ರಮ ಮರೆಗೆ ಸರಿಯುವ ಅಪಾಯವಿದೆ. ಈ ಕಾರ್ಯಕ್ಕೆ ಕಾಯಕದ ರೂಪ ಕೊಟ್ಟವರು ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ನೆ. ದು. ಸುಂದರವಡಿವೇಲು ಅವರು. ಮೊದಲಲ್ಲಿ ಊಟದ ಧಾನ್ಯವನ್ನು ಒದಗಿಸಿದವರು, ಶಾಲಾ ಸುಧಾರಣಾ ಸಮ್ಮೇಳನಗಳಲ್ಲಿ ಕಟ್ಟಡ, ಪೀಠೋಪಕರಣಗಳಿಗೆ ಕೈಯೆತ್ತಿ ಕೊಟ್ಟವರು ಆಯಾ ಊರಿನ ಜನರೇ. ಅವರಾರಿಗೂ ಬಿರುದಿಲ್ಲ. ಕಣ್ಣು ತೆರೆಸಿದ ಬೆರಳುಗಳಲ್ಲಿ ಅವರವೂ ಸೇರಿದ್ದವೆಂಬುದನ್ನು ಮರೆಯಲಾಗದು.

ಅನ್ನದಾಸೋಹ, ಜ್ಞಾನದಾಸೋಹಗಳನ್ನು ಬೇರ್ಪಡಿಸದ ಮಠದ ಪರಂಪರೆಗೆ ಈ ವಿಚಾರ ಹೊಸದೇನಲ್ಲ. ಪ್ರಸಾದನಿಲಯದ ಪಂಕ್ತಿಯಲ್ಲಿ ಉಂಡು ಓದಿ ಮುಂದೆ ಬಂದವರು ನಾಡಿನಲ್ಲಿ ಅಸಂಖ್ಯರು. ಕಾಮರಾಜರಿಗೆ 1976ರಲ್ಲಿ ಮರಣೋತ್ತರವಾಗಿ ಭಾರತರತ್ನ ಸಂದಿತು. ಅವರ ಜನ್ಮದಿನವಾದ ಜುಲೈ 15ನ್ನು ತಮಿಳುನಾಡಿನ ಶಾಲೆಗಳು ಶಿಕ್ಷಣ ಅಭಿವೃದ್ಧಿ ದಿನವೆಂದು ಆಚರಿಸುತ್ತವೆ. ಆದರೆ ಇಂಥ ಬಿರುದಿನ ಬೆಲೆ ಉತ್ಸವದಲ್ಲಿಲ್ಲ. ಬಡತನದಿಂದಾಗಿ ಶಾಲೆ ಬಿಡುವ ಮಗುವೊಂದು ಇರುವವರೆಗೂ ಅದು ತೀರದ ಋಣ. ಆ ಋಣವನ್ನು ತೀರಿಸುವ ಹೊಣೆ ಪಾಠ ಹೇಳುವವರದು, ದಾನ ನೀಡುವವರದು, ಹಿಂದೆ ಆ ಪಂಕ್ತಿಯಲ್ಲಿ ಉಂಡವರದು.